ಜಪ್ತಿಯಾದ ಲಾರಿಯೂ ಆಸ್ಪತ್ರೆಯ ಕಸವೂ

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಕಳೆದ ವರ್ಷ ನನ್ನ ಸೋದರಮಾವನ ಸಣ್ಣ ಲಾರಿಯನ್ನು ಪೊಲೀಸರು ಹಿಡಿದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದಂದಿನಿಂದ ಅವನ ಬಾಯಲ್ಲಿ ಈ ಗಾದೆಯನ್ನು ನಾನು ಹತ್ತಾರು ಸಲ ಕೇಳಿದೆ. ಅವನ ದೃಷ್ಟಿಯಲ್ಲಿ ಎತ್ತು ಯಾವುದೋ ದೂರದ ಆಸ್ಪತ್ರೆ. ಎಮ್ಮೆ ಅವನ ಲಾರಿ. ಆ ಲಾರಿಯ ನಿಮಿತ್ತವಾಗಿ ರಜೆಯ ದಿನಗಳಲ್ಲಿ ನಾಲ್ಕಾರು ಬಾರಿ ನ್ಯಾಯಾಲಯದ ಜಗಲಿಯಲ್ಲಿ ಕುಳಿತು ಕಾಯುವ ಯೋಗ ನನಗೆ ಒದಗಿತು. ನಾನು ಕಾನೂನಿನ ವಿದ್ಯಾರ್ಥಿಯಲ್ಲ. ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವವನು. ಆದರೂ ಅಲ್ಲಿ ಕಿವಿಗೆ ಬಿದ್ದುದನ್ನು ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿ ತಿಳಿದುಕೊಂಡೆ. ಅದನ್ನು ನನ್ನ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ವಿನಂತಿ.

ಮೊದಲು ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ನಮ್ಮದು ಗುಂಡ್ಲುಪೇಟೆಯ ಕಡೆಯ ಒಂದು ಹಳ್ಳಿ. ನಮ್ಮ ಸೀಮೆಯ ತರಕಾರಿ ಕೇರಳದ ಪೇಟೆಗಳಿಗೆ ಹೋಗುವುದು ಬಹು ದಿನಗಳಿಂದ ನಡೆದು ಬಂದ ವ್ಯಾಪಾರ. ನನ್ನ ಮಾವನೂ ಸಾಲ ಮಾಡಿ ಲಾರಿ ಕೊಂಡು, ಟೊಮೇಟೊ, ಎಲೆಕೋಸು ಹೇರಿಕೊಂಡು ಹೋಗಿ ಬರುತ್ತಿದ್ದನು. ಹೋಗುವಾಗ ಬಾಡಿಗೆ ಸಿಗುವುದು ಖಂಡಿತ. ಬರುವಾಗ ಬಹುಪಾಲು ಖಾಲಿ ಗಾಡಿ. ಒಂದು ದಿನ ಅಲ್ಲಿಯ ದಲ್ಲಾಳಿಯೊಬ್ಬನು, “ಗುಜರಿ ಪ್ಲಾಸ್ಟಿಕ್ಕಿನ ಮೂಟೆಗಳಿವೆ, ನಿಮ್ಮ ಕಡೆ ಇಳಿಸಿಬಿಡು” ಎಂದು ಹೇಳಿ ಎಂದಿನ ಬಾಡಿಗೆಯ ಎರಡರಷ್ಟನ್ನು ಕೈಗಿತ್ತನು. ರಾತ್ರಿ 9 ಗಂಟೆಗೆ ಬಂಡೀಪುರದ ಕಾಡಿನ ಹಾದಿ ಮುಚ್ಚುವುದರಿಂದ ಮಾವನಿಗೆ ಆತುರ. ಮೂಟೆಗಳನ್ನು ಬಿಚ್ಚಿ ನೋಡಲಿಲ್ಲ. ನಮ್ಮ ಗಡಿಯ ತಪಾಸಣೆಯಲ್ಲಿ ಪೊಲೀಸರು ಬಿಚ್ಚಿ ನೋಡಿದರು. ಒಳಗೆ ಸಲೈನ್ ಬಾಟಲಿ, ಕೊಳವೆ, ಕೈಗವಸು, ರಕ್ತ ಹತ್ತಿದ ಹತ್ತಿ, ಸೂಜಿ ಸಮೇತವಾದ ಸಿರಿಂಜುಗಳು. ಪಂಚರನ್ನು ಕರೆಸಿ ಮಹಜರು ಬರೆದರು. ಲಾರಿ ಜಪ್ತಿಯಾಯಿತು.

ಇಷ್ಟೇ ಆಗಿದ್ದರೆ ನಾನೂ ಮಾವನ ಗಾದೆಯನ್ನೇ ಹೇಳಿಕೊಂಡು ಇರುತ್ತಿದ್ದೆನೇನೋ. ಆದರೆ ಅದಕ್ಕೂ ಒಂದು ವರ್ಷ ಮುಂಚೆ ನಮ್ಮ ಮನೆಯಲ್ಲೇ ಬೇರೊಂದು ಸಂಗತಿ ನಡೆದಿತ್ತು. ನಮ್ಮೂರ ಹೊರಗೆ ಹಳೆಯ ಕಲ್ಲುಗಣಿಯ ಗುಂಡಿಯೊಂದಿದೆ. ಯಾರೋ ರಾತ್ರಿಯಲ್ಲಿ ಅಲ್ಲಿ ಮೂಟೆಗಳನ್ನು ಸುರಿದು ಹೋಗಿದ್ದರು. ದನ ಅಟ್ಟಿಕೊಂಡು ಹೋದ ನನ್ನ ತಮ್ಮನ ಅಂಗಾಲಿಗೆ ಸೂಜಿ ಚುಚ್ಚಿತು. ಅದು ಯಾವ ರೋಗಿಯ ಸೂಜಿಯೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ವೈದ್ಯರು ಚುಚ್ಚುಮದ್ದು ಕೊಟ್ಟು, ಆರು ತಿಂಗಳವರೆಗೆ ಗಡುವಿಗೆ ಸರಿಯಾಗಿ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗಬೇಕೆಂದು ಹೇಳಿದರು. ಆ ಆರು ತಿಂಗಳು ನಮ್ಮ ತಾಯಿ ಪಟ್ಟ ಯಾತನೆಯನ್ನು ನಾನು ಬರೆಯಲಾರೆ. ದೇವರ ದಯೆಯಿಂದ ಏನೂ ಆಗಲಿಲ್ಲ. ತಮ್ಮನನ್ನು ಪ್ರತಿ ಸಲವೂ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದದ್ದು ಇದೇ ಮಾವನ ಇದೇ ಲಾರಿ.

ಆದುದರಿಂದ ನ್ಯಾಯಾಲಯದ ಜಗಲಿಯಲ್ಲಿ ಕುಳಿತಾಗ, ಲಾರಿ ಬಿಡುಗಡೆಯಾಗಲೆಂದು ಹಾರೈಸಬೇಕೋ ಬೇಡವೋ ನನಗೆ ತಿಳಿಯದಾಯಿತು. ಈ ಪ್ರಶ್ನೆ ನನ್ನೊಬ್ಬನದಲ್ಲ. ಇಂಥ ಪ್ರತಿಯೊಂದು ಮೊಕದ್ದಮೆಯಲ್ಲಿಯೂ ನ್ಯಾಯಾಧೀಶರ ಮುಂದೆ ನಿಲ್ಲುವ ಪ್ರಶ್ನೆ ಇದೇ.

ಈಗ ಆಸ್ಪತ್ರೆಯ ಕಸದ ವಿಷಯವನ್ನು ಸ್ವಲ್ಪ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಆಸ್ಪತ್ರೆಗಳಿಂದ ಹೊರಬೀಳುವ ಕಸದಲ್ಲಿ ಶೇಕಡ 85ರಷ್ಟು ಮನೆಯ ಕಸದಂತೆಯೇ ನಿರಪಾಯಕರ. ಉಳಿದ ಶೇಕಡ 15ರಷ್ಟೇ ಅಪಾಯದ್ದು. ಆದರೆ ಎರಡನ್ನೂ ಒಂದೇ ಮೂಟೆಗೆ ತುಂಬಿದೆವೋ, ಹದಿನೈದು ಪಾಲು ಉಳಿದ ಎಂಬತ್ತೈದನ್ನೂ ಕೆಡಿಸಿಬಿಡುತ್ತದೆ. ಸೋಂಕುಳ್ಳ ರೋಗಿಗೆ ಬಳಸಿದ ಸೂಜಿ ಒಮ್ಮೆ ಚುಚ್ಚಿದರೆ ಹೆಪಟೈಟಿಸ್-ಬಿ ತಗಲುವ ಸಂಭವ ನೂರಕ್ಕೆ 30, ಹೆಪಟೈಟಿಸ್-ಸಿ ತಗಲುವ ಸಂಭವ ನೂರಕ್ಕೆ 1.8, ಎಚ್.ಐ.ವಿ. ತಗಲುವ ಸಂಭವ ನೂರಕ್ಕೆ 0.3 ಎಂದು ಅದೇ ಸಂಸ್ಥೆ ತಿಳಿಸುತ್ತದೆ. ಇದು ಅಂಕಿಯಾಗಿ ನೋಡಿದಾಗ ಅಲ್ಪವೆಂದು ತೋರಬಹುದು. ತಮ್ಮನ ಅಂಗಾಲು ನೆನಪಿದ್ದವರಿಗೆ ಹಾಗೆ ತೋರದು.

ಈ ಕಾರಣದಿಂದಲೇ ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ನಿಯಮಗಳಿವೆ. 1984ರ ಭೋಪಾಲದ ವಿಷಾನಿಲ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. ಅದರ ಅಡಿಯಲ್ಲಿ 1998ರಲ್ಲಿ ಮೊದಲು ವೈದ್ಯಕೀಯ ತ್ಯಾಜ್ಯದ ನಿಯಮಗಳನ್ನು ಮಾಡಿದರು. ಅವುಗಳ ಸ್ಥಾನದಲ್ಲಿ 2016ರ ನಿಯಮಗಳು ಬಂದಿವೆ. ಇವುಗಳ ಪ್ರಕಾರ ಕಸವು ಹುಟ್ಟಿದ ಸ್ಥಳದಲ್ಲೇ, ಎಂದರೆ ವಾರ್ಡಿನಲ್ಲಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ಅದನ್ನು ಬೇರೆ ಬೇರೆ ಮಾಡಬೇಕು. ಅಂಗಾಂಶಗಳು, ರಕ್ತದ ಹತ್ತಿ, ಅವಧಿ ಮೀರಿದ ಔಷಧಿಗಳು ಹಳದಿ ಚೀಲಕ್ಕೆ. ಕೊಳವೆ, ಬಾಟಲಿ, ಕೈಗವಸು ಮುಂತಾದ ಪ್ಲಾಸ್ಟಿಕ್ ವಸ್ತುಗಳು ಕೆಂಪು ಚೀಲಕ್ಕೆ. ಸೂಜಿ, ಅಲಗುಗಳು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಕ್ಕೆ. ಗಾಜು ನೀಲಿ ಪೆಟ್ಟಿಗೆಗೆ. ಅಂಗಾಂಶ, ರಕ್ತದ ಹತ್ತಿ ಮುಂತಾದವನ್ನು ಸಂಸ್ಕರಿಸದೆ 48 ಗಂಟೆಗಳಿಗೆ ಮೀರಿ ಇಟ್ಟುಕೊಳ್ಳಬಾರದು. ಒಯ್ಯುವ ವಾಹನಕ್ಕೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅದರ ಮೈಮೇಲೆ ಅಪಾಯದ ಗುರುತು ಇರಬೇಕು. ಪ್ರತಿಯೊಂದು ಚೀಲಕ್ಕೂ ಅದು ಯಾವ ಆಸ್ಪತ್ರೆಯದೆಂದು ತೋರಿಸುವ ಬಾರ್‌ಕೋಡ್ ಚೀಟಿ ಇರಬೇಕು. ಚೀಟಿಯ ಈ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಇಷ್ಟು ಕಟ್ಟುನಿಟ್ಟು ಇರುವಾಗ ಕಸವು ತರಕಾರಿ ಲಾರಿಗೆ ಹೇಗೆ ಬಂದಿತು? ಉತ್ತರ ಸುಲಭ. ಸಂಸ್ಕರಣ ಕೇಂದ್ರಕ್ಕೆ ಕ್ರಮವಾಗಿ ಕಳುಹಿಸಿದರೆ ಹಣ ತೆರಬೇಕು. ದಲ್ಲಾಳಿಯ ಕೈಗೆ ಕೊಟ್ಟರೆ ಅಗ್ಗ. ದಲ್ಲಾಳಿಗೆ ಮಾರಲು ಬರುವ ಪ್ಲಾಸ್ಟಿಕ್ ಸಿಗುತ್ತದೆ. ಉಳಿದುದಕ್ಕೆ ಒಂದು ಗುಂಡಿ ಬೇಕು. ಗುಂಡಿ ಗಡಿಯ ಆಚೆಗಿದ್ದರೆ ಇನ್ನೂ ಕ್ಷೇಮ. ಏಕೆಂದರೆ ಒಂದು ರಾಜ್ಯದ ಅಧಿಕಾರಿಯು ಇನ್ನೊಂದು ರಾಜ್ಯದ ಆಸ್ಪತ್ರೆಯ ಬಾಗಿಲು ತಟ್ಟುವುದು ಪ್ರಯಾಸದ ಕೆಲಸ.

ಇದಕ್ಕೆ ದೊಡ್ಡ ನಿದರ್ಶನವೆಂದರೆ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ನಡೆದದ್ದು. 2024ರ ಡಿಸೆಂಬರಿನಲ್ಲಿ ಅಲ್ಲಿಯ ಕೆಲವು ಹಳ್ಳಿಗಳ ಬಯಲುಗಳಲ್ಲಿ ರಾಶಿ ರಾಶಿ ಆಸ್ಪತ್ರೆ ಕಸ ಕಂಡುಬಂದಿತು. ರಾಶಿಯೊಳಗಿದ್ದ ರೋಗಿಗಳ ಕಾಗದಪತ್ರಗಳಿಂದ ಅದು ಕೇರಳದ್ದೆಂದು ತಿಳಿಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠವು ಮೂರು ದಿನಗಳೊಳಗೆ ಕಸವನ್ನು ತೆಗೆಯಬೇಕೆಂದು ಕೇರಳಕ್ಕೆ ಆಜ್ಞಾಪಿಸಿತು. ಕೇರಳದಿಂದ ಲಾರಿಗಳು ಬಂದು ಆ ಕಸವನ್ನು ತುಂಬಿಕೊಂಡು ಹಿಂದಿರುಗಿದವು. ಪೊಲೀಸರು ಕೆಲವರನ್ನು ಬಂಧಿಸಿದರು; ವಾಹನವೂ ಜಪ್ತಿಯಾಯಿತು. ಮರುವರ್ಷ, 2025ರಲ್ಲಿ, ತಮಿಳುನಾಡು ಸರ್ಕಾರವು ಗೂಂಡಾಗಳ ಮೇಲೆ ಪ್ರಯೋಗಿಸುವ ತನ್ನ 1982ರ ಮುಂಜಾಗ್ರತಾ ಬಂಧನದ ಕಾಯಿದೆಗೆ ತಿದ್ದುಪಡಿ ತಂದು, ವೈದ್ಯಕೀಯ ತ್ಯಾಜ್ಯ ಸುರಿಯುವವರನ್ನೂ ಅದರ ವ್ಯಾಪ್ತಿಗೆ ಸೇರಿಸಿತು.

ಇನ್ನು ವಾಹನದ ವಿಚಾರ. ಇಲ್ಲಿ ಎರಡು ಪದಗಳ ಭೇದವನ್ನು ತಿಳಿಯುವುದು ಅವಶ್ಯ. ‘ಜಪ್ತಿ’ ಎಂದರೆ ಅಪರಾಧದ ಸಂಶಯ ಬಂದಾಗ ಪೊಲೀಸರು ವಸ್ತುವನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುವುದು. ಒಡೆತನ ಒಡೆಯನದೇ ಆಗಿರುತ್ತದೆ. ‘ಮುಟ್ಟುಗೋಲು’ ಎಂದರೆ ಒಡೆತನವೇ ಹೋಗಿ ವಸ್ತು ಸರ್ಕಾರದ್ದಾಗುವುದು. ನಮ್ಮೂರಿನಲ್ಲಿ ಎರಡನ್ನೂ ಒಂದೇ ಎಂದು ಭಾವಿಸುತ್ತಾರೆ. ಲಾರಿ ಠಾಣೆಗೆ ಹೋದ ದಿನವೇ ನಮ್ಮ ಅತ್ತೆಯು, “ಇನ್ನೆಲ್ಲಿಯ ಲಾರಿ, ಹೋಯಿತು” ಎಂದು ಅತ್ತಳು. ಹೋಗಿರಲಿಲ್ಲ, ನಿಂತಿತ್ತು ಅಷ್ಟೇ.

ಜಪ್ತಿಯ ಅಧಿಕಾರ ಪೊಲೀಸರಿಗೆ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೆಯ ಕಲಮಿನಿಂದ ಬರುತ್ತದೆ. ಜಪ್ತಿ ಮಾಡಿದುದನ್ನು ಅವರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ವಿಚಾರಣೆ ಮುಗಿಯುವ ಮುನ್ನ ವಸ್ತುವನ್ನು ಯಾರ ವಶದಲ್ಲಿ ಇಡಬೇಕೆಂಬುದನ್ನು 497 ಮತ್ತು 503ನೆಯ ಕಲಮುಗಳ ಮೇರೆಗೆ ಮ್ಯಾಜಿಸ್ಟ್ರೇಟರು ನಿರ್ಧರಿಸುತ್ತಾರೆ. ವಿಚಾರಣೆ ಮುಗಿದ ಮೇಲೆ 498ನೆಯ ಕಲಮಿನಂತೆ, ಅಪರಾಧಕ್ಕೆ ಬಳಕೆಯಾದ ವಸ್ತುವನ್ನು ಹಿಂದಿರುಗಿಸಬಹುದು, ನಾಶಪಡಿಸಬಹುದು, ಇಲ್ಲವೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಸಾಮಾನ್ಯವಾಗಿ ಜಗಳವೆಲ್ಲ ನಡೆಯುವುದು ಜಪ್ತಿಗೂ ತೀರ್ಪಿಗೂ ನಡುವಿನ ವರ್ಷಗಳಲ್ಲಿ ಲಾರಿ ಎಲ್ಲಿರಬೇಕೆಂಬುದನ್ನು ಕುರಿತು.

ಒಡೆಯನ ಪರವಾದ ವಾದ ಹೀಗಿದೆ. ವಾಹನವೆಂಬುದು ನಿಂತಲ್ಲೇ ಹಾಳಾಗುವ ವಸ್ತು. ಠಾಣೆಯ ಅಂಗಳದಲ್ಲಿ ಒಂದು ಮಳೆಗಾಲ ಕಳೆದರೆ ಟೈರು ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ, ಬಿಡಿಭಾಗಗಳು ಮಾಯವಾಗುತ್ತವೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆರೋಪ ಸಾಬೀತಾಗದೆ ಹೋದರೆ ಒಡೆಯನಿಗೆ ಮರಳುವುದು ಬರಿಯ ಕಬ್ಬಿಣ. ಕಾನೂನಿನ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಲಾಗದೆಂದು ಸಂವಿಧಾನದ 300-ಎ ಅನುಚ್ಛೇದವು ಹೇಳುತ್ತದೆ. ಈ ವಾದಕ್ಕೆ ದೊಡ್ಡ ಆಸರೆ 2002ರಲ್ಲಿ ಸುಪ್ರೀಂ ಕೋರ್ಟು ಸುಂದರಭಾಯಿ ಅಂಬಾಲಾಲ್ ದೇಸಾಯಿ ಮತ್ತು ಗುಜರಾತ್ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು. ಜಪ್ತಿಯಾದ ವಾಹನಗಳನ್ನು ಬಹುಕಾಲ ಠಾಣೆಯಲ್ಲಿ ನಿಲ್ಲಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ; ಪಂಚನಾಮೆ ಬರೆದು, ಛಾಯಾಚಿತ್ರ ತೆಗೆದು, ತಕ್ಕ ಮುಚ್ಚಳಿಕೆಯನ್ನೂ ಜಾಮೀನನ್ನೂ ಪಡೆದು ಬಿಟ್ಟುಕೊಡಬೇಕು ಎಂಬುದು ಅದರ ಸಾರ. ಹೊಸ ಸಂಹಿತೆಯ 497ನೆಯ ಕಲಮು ಇದನ್ನೇ ಮುಂದುವರಿಸಿ, ವಸ್ತುವು ನ್ಯಾಯಾಲಯದ ಮುಂದೆ ಬಂದ 14 ದಿನಗಳಲ್ಲಿ ವಿವರಪಟ್ಟಿ ತಯಾರಾಗಬೇಕು, ಛಾಯಾಚಿತ್ರ ತೆಗೆಯಬೇಕು, ಅವುಗಳಾದ 30 ದಿನಗಳಲ್ಲಿ ವಿಲೇವಾರಿಯ ಆಜ್ಞೆಯಾಗಬೇಕು ಎಂದು ಗಡುವನ್ನೂ ಹಾಕಿದೆ.

ಸರ್ಕಾರದ ಪರವಾದ ವಾದವೂ ತಳ್ಳಿಹಾಕುವಂಥದಲ್ಲ. ಬಿಟ್ಟ ಲಾರಿ ಮರುದಿನವೇ ಅದೇ ಮೂಟೆಗಳನ್ನು ಹೇರಿಕೊಂಡು ಬಂದರೆ ಮಾಡುವುದೇನು? ಕಾಡಿನ ಮರ ಕದ್ದ ಲಾರಿಯ ವಿಷಯದಲ್ಲಿ ಕಾನೂನು ಇಷ್ಟು ಮೃದುವಾಗಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆಯಲ್ಲಿ ಅರಣ್ಯಾಧಿಕಾರಿಗೇ ವಾಹನವನ್ನು ಮುಟ್ಟುಗೋಲು ಹಾಕುವ ಅಧಿಕಾರವಿದೆ. ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, 2000ದಲ್ಲಿ, ಅರಣ್ಯಾಪರಾಧದ ವಾಹನಗಳನ್ನು ವ್ಯವಹರಣೆ ಮುಗಿಯುವ ತನಕ ಸಾಮಾನ್ಯವಾಗಿ ಬಿಡಕೂಡದೆಂದು ಸುಪ್ರೀಂ ಕೋರ್ಟು ಹೇಳಿದೆ. ಅಕ್ರಮ ಮರಳು ಸಾಗಿಸುವ ವಾಹನದ ಮುಟ್ಟುಗೋಲಿಗೂ 1957ರ ಗಣಿ ಮತ್ತು ಖನಿಜ ಕಾಯಿದೆಯಲ್ಲಿ ಅವಕಾಶವಿದೆ. ಮರ, ಮರಳುಗಳಿಗಿರುವ ರಕ್ಷಣೆ ಮನುಷ್ಯನ ಅಂಗಾಲಿಗೆ ಬೇಡವೇ ಎಂಬುದು ಈ ಪಕ್ಷದ ಪ್ರಶ್ನೆ. ಕೇರಳದಿಂದ ಇಂಥ ಕಸ ತಂದ ಆರೋಪದ ಮೇಲೆ ಜಪ್ತಿಯಾಗಿದ್ದ ವಾಹನವನ್ನು ಒಡೆಯನಿಗೆ ಬಿಟ್ಟುಕೊಡಲು ಮದರಾಸು ಹೈಕೋರ್ಟಿನ ಮಧುರೆ ಪೀಠವು 2025ರಲ್ಲಿ ಒಪ್ಪಲಿಲ್ಲ.

ಆದರೆ ಒಂದು ತೊಡಕಿದೆ. ಪರಿಸರ ಸಂರಕ್ಷಣಾ ಕಾಯಿದೆಯಲ್ಲಾಗಲಿ 2016ರ ನಿಯಮಗಳಲ್ಲಾಗಲಿ, ಅರಣ್ಯ ಕಾಯಿದೆಯಲ್ಲಿರುವಂತೆ ವಾಹನದ ಮುಟ್ಟುಗೋಲಿಗೆಂದೇ ಹೇಳಿದ ಕ್ರಮವಿಲ್ಲ. ಇಷ್ಟೇ ಅಲ್ಲ. ಮೊದಲು ಈ ಕಾಯಿದೆಯ 15ನೆಯ ಕಲಮಿನಲ್ಲಿ ಐದು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿತ್ತು. 2023ರ ಜನ ವಿಶ್ವಾಸ ಕಾಯಿದೆಯು ಅದನ್ನು ತೆಗೆದು, 10,000 ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನಾಗಿ ಮಾರ್ಪಡಿಸಿತು. ಈ ಮಾರ್ಪಾಡು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹೀಗಾಗಿ ಪೊಲೀಸರು ಮುಖ್ಯವಾಗಿ ಭಾರತೀಯ ನ್ಯಾಯ ಸಂಹಿತೆಯನ್ನೇ ಆಶ್ರಯಿಸಬೇಕಾಗಿದೆ. ಅದರ 271ನೆಯ ಕಲಮು ಪ್ರಾಣಾಪಾಯದ ರೋಗವನ್ನು ಅಲಕ್ಷ್ಯದಿಂದ ಹರಡುವ ಕೃತ್ಯವನ್ನು ಕುರಿತದ್ದು. ಶಿಕ್ಷೆ ಆರು ತಿಂಗಳವರೆಗೆ. 272ನೆಯದು ಅದನ್ನೇ ದ್ವೇಷಬುದ್ಧಿಯಿಂದ ಮಾಡಿದ್ದಕ್ಕೆ. ಶಿಕ್ಷೆ ಎರಡು ವರ್ಷಗಳವರೆಗೆ. ಶಿಕ್ಷೆ ಇಷ್ಟು ಅಲ್ಪವಾಗಿರುವಾಗ, ಲಾರಿಯನ್ನು ಠಾಣೆಯಲ್ಲಿ ನಿಲ್ಲಿಸುವುದೇ ಅಪರಾಧಿಗೆ ತಟ್ಟುವ ನಿಜವಾದ ಶಿಕ್ಷೆಯಾಗಿಬಿಡುತ್ತದೆ. ಅದೂ ತೀರ್ಪಿಗೆ ಮುಂಚೆಯೇ. ಈ ಕಾರಣದಿಂದಲೇ ಲಾರಿಯ ಅರ್ಜಿಗಳ ಮೇಲೆ ಇಷ್ಟು ಹೋರಾಟ ನಡೆಯುವುದೆಂದು ನನಗೆ ತೋರುತ್ತದೆ.

ಮಾವನ ಅರ್ಜಿ ವಿಚಾರಣೆಗೆ ಬಂದ ದಿನ ನಾನು ಒಳಗಿದ್ದೆ. ನಮ್ಮ ವಕೀಲರು 2002ರ ತೀರ್ಪನ್ನು ಓದಿದರು. ಸರ್ಕಾರಿ ಅಭಿಯೋಜಕರು ಒಂದೇ ಪ್ರಶ್ನೆ ಎತ್ತಿದರು: “ಗುಜರಿ ಮೂಟೆಗೆ ಎರಡರಷ್ಟು ಬಾಡಿಗೆ ಕೊಡುವಾಗ, ಏಕೆಂದು ಈತ ಕೇಳಬೇಕಾಗಿತ್ತಲ್ಲವೆ?” ಮಾವ ತಲೆ ತಗ್ಗಿಸಿದನು. ಆ ಪ್ರಶ್ನೆಗೆ ಇಂದಿಗೂ ಅವನ ಬಳಿ ಉತ್ತರವಿಲ್ಲ. ನನ್ನ ಬಳಿಯೂ ಇಲ್ಲ. ತಿಳಿದೂ ತಂದನೆಂದು ನಾನು ಹೇಳಲಾರೆ. ತಿಳಿಯದಿರುವುದೇ ಅನುಕೂಲವೆಂದು ಕಣ್ಣು ಮುಚ್ಚಿಕೊಂಡನೆಂದರೆ ಅಲ್ಲಗಳೆಯಲಾರೆ.

ಆಮೇಲೆ ಮ್ಯಾಜಿಸ್ಟ್ರೇಟರು ಕೇಳಿದ್ದು, “ಮೂಟೆಗಳು ಯಾವ ಆಸ್ಪತ್ರೆಯವು?” ಎಂದು. ನ್ಯಾಯಾಲಯದಲ್ಲಿ ಯಾರೂ ಉತ್ತರಿಸಲಿಲ್ಲ. ಮಾವನ ಹತ್ತಿರ ಚೀಟಿಯಿಲ್ಲ, ರಸೀತಿಯಿಲ್ಲ. ದಲ್ಲಾಳಿಯ ದೂರವಾಣಿ ಸದ್ದಿಲ್ಲದೆ ಹೋಗಿತ್ತು. ಮಹಜರಿನಲ್ಲಿ ಲಾರಿಯ ನಂಬರು, ಎಂಜಿನ್ ನಂಬರು, ಟೈರುಗಳ ಸಂಖ್ಯೆ ಎಲ್ಲವೂ ಇದ್ದವು. ಮೂಟೆಗಳ ವಿಷಯದಲ್ಲಿ ‘ಆಸ್ಪತ್ರೆಯ ತ್ಯಾಜ್ಯ ತುಂಬಿದ ಚೀಲಗಳು’ ಎಂಬ ಒಂದೇ ಸಾಲು. ಒಳಗಿನ ಚೀಲಗಳ ಮೇಲೆ ಬಾರ್‌ಕೋಡಿನ ಚೀಟಿ ಇತ್ತೇ, ಹರಿದುಹಾಕಿದ್ದರೇ, ಯಾರೂ ಬರೆದಿರಲಿಲ್ಲ.

ನನಗೆ ಈ ವಿಷಯದ ಮರ್ಮ ಹೊಳೆದದ್ದು ಆಗ. ನಾವೆಲ್ಲ ಲಾರಿಯನ್ನೇ ನೋಡುತ್ತಿದ್ದೆವು. ಲಾರಿ ದೊಡ್ಡದು, ಅದಕ್ಕೆ ನಂಬರಿದೆ, ಒಡೆಯನಿದ್ದಾನೆ, ಅಳುವ ಹೆಂಡತಿ ಮಕ್ಕಳಿದ್ದಾರೆ; ಆದುದರಿಂದ ಮೊಕದ್ದಮೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ. ಕಸವನ್ನು ಹುಟ್ಟಿಸಿದವನು, ಅದನ್ನು ಬೇರ್ಪಡಿಸದೆ ಮೂಟೆಗೆ ಕಟ್ಟಿಸಿದವನು, ದಲ್ಲಾಳಿಗೆ ಒಪ್ಪಿಸಿದವನು ನ್ಯಾಯಾಲಯದ ಹತ್ತಿರವೂ ಸುಳಿಯುವುದಿಲ್ಲ. 2016ರ ನಿಯಮಗಳಾದರೋ, ಕಸದ ಅಕ್ರಮ ನಿರ್ವಹಣೆಯಿಂದಾಗುವ ಹಾನಿಗೆ ಆಸ್ಪತ್ರೆ ನಡೆಸುವವನೇ ಹೊಣೆಯೆಂದು 18ನೆಯ ನಿಯಮದಲ್ಲಿ ಸ್ಪಷ್ಟವಾಗಿ ಹೇಳುತ್ತವೆ. ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು 2010ರ ಹಸಿರು ನ್ಯಾಯಮಂಡಳಿ ಕಾಯಿದೆಯೂ ಒಪ್ಪಿದೆ. ತಿರುನೆಲ್ವೇಲಿಯಲ್ಲಿ ಕಸ ಹಿಂದಿರುಗಿದ್ದು ಲಾರಿ ಹಿಡಿದುದರಿಂದ ಮಾತ್ರವಲ್ಲ, ರಾಶಿಯೊಳಗಿನ ಕಾಗದಗಳನ್ನು ಯಾರೋ ತಾಳ್ಮೆಯಿಂದ ಓದಿದುದರಿಂದ.

ಆದುದರಿಂದ ನನ್ನ ಅಲ್ಪಮತಿಗೆ ತೋರುವುದಿಷ್ಟು. ಮೊದಲ ಬಾರಿ ಸಿಕ್ಕಿಬಿದ್ದ ಬಡ ಒಡೆಯನ ವಾಹನವನ್ನು, ಬಲವಾದ ಜಾಮೀನು ಪಡೆದು, ಗುಂಡಿ ಶುಚಿಮಾಡುವ ವೆಚ್ಚಕ್ಕೆಂದು ಠೇವಣಿ ಕಟ್ಟಿಸಿಕೊಂಡು ಬಿಡುವುದು ನ್ಯಾಯ. ಎರಡನೆಯ ಬಾರಿ ಸಿಕ್ಕವನಿಗೆ ಆ ದಯೆ ಸಲ್ಲದು; ಅಂಥವನ ವಾಹನದ ಮುಟ್ಟುಗೋಲಿಗೆ, ಅರಣ್ಯ ಕಾಯಿದೆಯಲ್ಲಿರುವಂತೆ, ಕಾನೂನಿನಲ್ಲಿಯೇ ಸ್ಪಷ್ಟ ದಾರಿ ಇರಬೇಕು. ಆದರೆ ಇವೆರಡಕ್ಕಿಂತ ಮುಖ್ಯವಾದುದು, ಲಾರಿಯ ಮಹಜರು ಬರೆಯುವಷ್ಟೇ ಶ್ರದ್ಧೆಯಿಂದ ಮೂಟೆಯ ಮಹಜರನ್ನೂ ಬರೆಯುವುದು. ಪ್ರತಿ ಚೀಲದ ಬಣ್ಣ, ಚೀಟಿ, ಔಷಧಿಯ ಹೆಸರು, ತಂಡದ ಸಂಖ್ಯೆ ಇವುಗಳನ್ನು ದಾಖಲಿಸಿ, ಛಾಯಾಚಿತ್ರ ತೆಗೆದು, ಮಾಲಿನ್ಯ ಮಂಡಳಿಯವರನ್ನು ಕರೆಸಿ ಪರೀಕ್ಷಿಸಿದ ಮೇಲೆ ಕಸವನ್ನು ಸಂಸ್ಕರಣ ಕೇಂದ್ರಕ್ಕೆ ಕಳುಹಿಸಬೇಕು. ಲಾರಿಯನ್ನು ಹತ್ತು ವರ್ಷ ಕಟ್ಟಿಹಾಕಿದರೂ ಅದು ಆಸ್ಪತ್ರೆಯ ಹೆಸರನ್ನು ಹೇಳಲಾರದು. ಒಂದು ಹರಿಯದ ಚೀಟಿ ಹೇಳಬಲ್ಲುದು.

ಮಾವನ ಲಾರಿ ಮೂರು ತಿಂಗಳ ಮೇಲೆ ಬಿಡುಗಡೆಯಾಯಿತು. ಮಾರಬಾರದು, ಬಣ್ಣವನ್ನಾಗಲಿ ರೂಪವನ್ನಾಗಲಿ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು, ಇಂಥ ಸಾಗಣೆಗೆ ಮತ್ತೆ ಬಳಸಬಾರದು ಎಂದು ಮುಚ್ಚಳಿಕೆ ಬರೆಸಿಕೊಂಡರು. ಜಾಮೀನಿಗೆ ನಮ್ಮ ತಂದೆಯವರೇ ಹೊಲದ ಪಹಣಿ ಕೊಟ್ಟರು. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಕೊನೆಗೆ ಲಾರಿ ಉಳಿಯುವುದೋ ಮುಟ್ಟುಗೋಲಾಗುವುದೋ ತೀರ್ಪಿನ ದಿನ ತಿಳಿಯಬೇಕು. ಬ್ಯಾಟರಿ ಹಾಕಿಸಿ ಊರಿಗೆ ತಂದ ದಿನ ಮಾವ ನನ್ನ ತಮ್ಮನನ್ನು ಹತ್ತಿರಕ್ಕೆ ಕರೆದು, “ಬಾರಪ್ಪ, ಆ ಗುಂಡಿ ಎಲ್ಲಿದೆ ತೋರಿಸು” ಎಂದನು. ಮೂವರೂ ಹೋಗಿ ನೋಡಿದೆವು. ಹಳೆಯ ಮೂಟೆಗಳ ಮೇಲೆ ಮುಳ್ಳುಕಂಟಿ ಬೆಳೆದಿತ್ತು. ಮರುವಾರ ನಾವು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದೊಂದು ಅರ್ಜಿ ಬರೆದೆವು. ಬರೆದವನು ನಾನು, ಮೊದಲ ರುಜು ಮಾವನದು.

ನಮ್ಮ ಕಾಲೇಜಿಗೆ ಗಡಿನಾಡಿನ ಹಳ್ಳಿಗಳಿಂದ ಬರುವ ಸ್ನೇಹಿತರು ಅನೇಕರಿದ್ದಾರೆ. ನಿಮ್ಮ ಊರ ಗುಂಡಿಗಳಲ್ಲಿ ಇಂಥ ಮೂಟೆ ಕಂಡರೆ ಕೈ ಹಾಕಬೇಡಿರಿ, ಬೆಂಕಿಯನ್ನೂ ಹಚ್ಚಬೇಡಿರಿ. ಪ್ಲಾಸ್ಟಿಕ್ಕಿನ ಹೊಗೆ ವಿಷ, ಬೂದಿಯಾದ ಚೀಟಿ ಸಾಕ್ಷ್ಯವಲ್ಲ. ದೂರದಿಂದಲೇ ಚಿತ್ರ ತೆಗೆದು ಅಧಿಕಾರಿಗಳಿಗೆ ತಿಳಿಸಿರಿ. ನಿಮ್ಮ ಮನೆಯಲ್ಲಿ ಗಾಡಿ ಇದ್ದವರು ಮೂಟೆ ಹೇರುವ ಮುನ್ನ ಬಿಚ್ಚಿ ನೋಡಲು ಹೇಳಿರಿ.